ಗೇಟಿಗೆ ಕೂತ ವಹಾಬಣ್ಣ

ಚನ್ನಪಟ್ಟಣದ ವಹಾಬಣ್ಣ ಹದಿಮೂರನೇ ವಯಸ್ಸಿಗೆ ಅಪ್ಪನ ಲೇತಿನ ಮುಂದೆ ಕೂತವನು. ಅರವತ್ತು ದಾಟಿದರೂ ಎದ್ದಿಲ್ಲ. ನಡುವೆ ಒಂದೂವರೆ ವರ್ಷ ಎದ್ದಿದ್ದ, ಆ ಮಾತು ಮುಂದೆ ಬರುತ್ತದೆ. ಇಷ್ಟು ವರ್ಷ ಅವನು ಕಡೆದದ್ದೆಲ್ಲ ಹೆಚ್ಚಾಗಿ ಚಕ್ರಗಳೇ. ಮನೆಯಲ್ಲಿ ಹಾಗೆ ಪಾಲಾಗಿತ್ತು: ಗೊಂಬೆ ಅಣ್ಣನಿಗೆ, ಬಳೆ ಚಿಕ್ಕಪ್ಪನಿಗೆ, ಚಕ್ರ ಇವನಿಗೆ. ಮರದ ರೈಲು, ಮರದ ಲಾರಿ, ಎಳೆದರೆ ತಲೆಯಾಡಿಸುವ ಬಾತುಕೋಳಿ, ಎಲ್ಲದಕ್ಕೂ ಚಕ್ರ ಬೇಕಲ್ಲ. ಆಲೆ ಮರದ ತುಂಡು ಗಿರ್ರೆಂದು ತಿರುಗುವಾಗ ಉಳಿ ಹಿಡಿದು ಆಕಾರ ತಂದು, ಅದರ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ತಾಳೆಗರಿ ಒತ್ತಿ ಉಜ್ಜಿದರೆ ಹೊಳಪು. ಅಪ್ಪ ಅವನಿಗೆ ಹೇಳಿಕೊಟ್ಟಿದ್ದು ಒಂದೇ ಒಂದು ಕಾನೂನು: ಅರಗು ಹಚ್ಚದ ಮರ ಹೊಸಿಲು ದಾಟಬಾರದು. "ಬೋಳು ಮರ ಮಾರೋನು ಸೌದೆ ಡಿಪೋ ಇಟ್ಕೊಳ್ಲಿ" ಅನ್ನುತ್ತಿದ್ದ ಆ ಮುದುಕ.

ಹೀಗೆ ಲಕ್ಷಗಟ್ಟಲೆ ಚಕ್ರ ಕಡೆದನಲ್ಲ, ಅದರಲ್ಲಿ ಒಂದಾದರೂ ಹಳಿಯ ಮೇಲೆ ಉರುಳಿರಲಿಲ್ಲ. ಎಲ್ಲಾ ಷೋಕೇಸಿನಲ್ಲಿ ಕೂರುವ ರೈಲುಗಳು. ಅದು ಅವನಿಗೆ ಕೊರತೆ ಅಂತಲೂ ಅನ್ನಿಸಿರಲಿಲ್ಲ. ಚಕ್ರ ಕೊಟ್ಟವನಿಗೆ ಗಾಡಿ ಎಲ್ಲಿ ಹೋಯಿತೆಂಬುದು ಯಾಕೆ ಬೇಕು?

ಆಮೇಲೆ ಅವನು ಚಕ್ರ ಕೊಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಲೇತಿನ ಮೇಲೆ ಗೋಣಿಚೀಲ ಹೊದಿಸಿ ವಹಾಬಣ್ಣ ಜಗಲಿಗೆ ಬಂದು ಕೂತ. ಒಂದೂವರೆ ವರ್ಷ ಕೂತ. ಹೊಟ್ಟೆಬಟ್ಟೆಗೆ ತೊಂದರೆಯಿರಲಿಲ್ಲ, ಮಗಳ ಟೈಲರಿಂಗು ನಡೆಯುತ್ತಿತ್ತು. ಆದರೆ ಕೈಗೆ ಕೆಲಸವಿಲ್ಲದ ಗಂಡಸು ಮನೆಯಲ್ಲಿ ಏನು ಮಾಡುತ್ತಾನೆ ಎಂಬುದು ಹೆಂಡತಿಯರಿಗೆ ಮಾತ್ರ ಗೊತ್ತು. ಅಡುಗೆಗೆ ಉಪ್ಪು ಹೆಚ್ಚು ಅನ್ನುತ್ತಾನೆ, ನಲ್ಲಿ ಸೋರುತ್ತೆ ಅನ್ನುತ್ತಾನೆ, ಬೆಕ್ಕನ್ನು ಬೈಯುತ್ತಾನೆ. ಗುಲ್ಜಾರ್ ಬೀ ಸಹಿಸುವಷ್ಟು ಸಹಿಸಿ ಒಂದು ದಿನ, "ಆ ಲೇತಿನ ಮೋಟ್ರಾದರೂ ರಿಪೇರಿ ಮಾಡಿಸ್ಕೊಂಡ್ ಬನ್ನಿ, ತುಕ್ಕು ಹಿಡಿದೈತೆ" ಎಂದು ಹೊರಗೆ ಅಟ್ಟಿದಳು. ಅಟ್ಟಿದ್ದು ಒಳ್ಳೆಯದೇ ಆಯಿತು.

ಮೋಟಾರಿಗೆ ತಂತಿ ಸುತ್ತುವ ಅಶ್ವಥ್‌ನ ಅಂಗಡಿ ಹೆದ್ದಾರಿಯ ಪಕ್ಕ. ಬೋರ್‌ವೆಲ್ ಮೋಟಾರುಗಳ ರಾಶಿಯ ನಡುವೆ ಅವನ ಮೇಜಿನ ಮೇಲೆ ಗೇಣುದ್ದದ ಒಂದು ರೈಲು ಇಂಜಿನ್ನು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಪಕ್ಕದಲ್ಲಿ ಚಕ್ರ ಮುರಿದ ಒಂದು ಗೂಡ್ಸ್ ಡಬ್ಬಿ. ವಹಾಬಣ್ಣ ತನ್ನ ಮೋಟಾರನ್ನು ಮರೆತು ಆ ಡಬ್ಬಿಯನ್ನು ಎತ್ತಿಕೊಂಡ. ಬಟಾಣಿಗಿಂತ ಒಂಚೂರು ದೊಡ್ಡ ಚಕ್ರ, ಒಳಗಡೆ ಕೂದಲೆಳೆಯಷ್ಟು ಅಂಚು. ಆ ಅಂಚೇ ಚಕ್ರವನ್ನು ಹಳಿಯ ಮೇಲೆ ಹಿಡಿದಿಡುವುದು ಎಂದು ಅಶ್ವಥ್ ವಿವರಿಸಿದ. ಮೋಟಾರು ರಿಪೇರಿಯಾಗಿ ಮೂರು ದಿನ ಬಿಟ್ಟು ವಹಾಬಣ್ಣ ಕಾಗದದ ಪೊಟ್ಟಣದಲ್ಲಿ ನಾಲ್ಕು ಚಕ್ರ ಕಟ್ಟಿಕೊಂಡು ಬಂದ. ಎರಡು ಕೆಂಪು, ಎರಡು ಹಳದಿ, ಅರಗಿನ ಹೊಳಪು. ಅಶ್ವಥ್ ಅವನ್ನು ಅಂಗೈ ಮೇಲೆ ಉರುಳಿಸಿ ನೋಡಿ, "ಭಾನುವಾರ ಬಿಡುವೈತಾ ವಹಾಬಣ್ಣ?" ಎಂದ.

ಮೂರು ವರ್ಷದಿಂದ ವಹಾಬಣ್ಣನಿಗೆ ಭಾನುವಾರ ಬಿಡುವಿಲ್ಲ.

ರಾಮನಗರದಿಂದ ಕೈಲಾಂಚದ ದಾರಿಯಲ್ಲಿ ಗಂಗಯ್ಯನ ತೋಟವಿದೆ. ಗಂಗಯ್ಯ ರೈಲ್ವೆಯಲ್ಲಿ ಗೇಟ್‌ಮನ್ ಆಗಿ ಮೂವತ್ತನಾಲ್ಕು ವರ್ಷ ದುಡಿದು ರಿಟೈರಾದವನು. ಮಗ ಹೊಸ ಹುಳುಮನೆ ಕಟ್ಟಿಸಿದ ಮೇಲೆ ಹಳೆಯ ರೇಷ್ಮೆ ಹುಳುಮನೆ ಖಾಲಿ ಬಿತ್ತು. ಅದರೊಳಗೆ ಈಗ ಇಪ್ಪತ್ತೆರಡು ಅಡಿಯ ಮೇಜಿನ ಮೇಲೆ ರೈಲುದಾರಿ ಹಾಸಿದೆ. ಹುಳು ಸಾಕುವ ಬಿದಿರು ತಟ್ಟೆಗಳನ್ನು ಬೋರಲು ಹಾಕಿ, ಮೇಲೆ ಗೋಣಿಬಟ್ಟೆ, ಸಿಮೆಂಟಿನ ಗಂಜಿ ಬಳಿದು ರಾಮನಗರದ ಬಂಡೆಗುಡ್ಡ ಮಾಡಿದ್ದಾರೆ. ಚನ್ನಪಟ್ಟಣ ಸ್ಟೇಷನ್ನಿದೆ, ಅದರ ಮುಂದಿನ ಟೀ ಅಂಗಡಿಯೂ ಇದೆ. ಸಾತನೂರಿಗೂ ಒಂದು ಸ್ಟೇಷನ್ನಿದೆ. ನಿಜವಾದ ಸಾತನೂರಿಗೆ ರೈಲು ಬಂದಿಲ್ಲ, ಬರುತ್ತದೆಂಬ ಮಾತು ಮಾತ್ರ ಬಂದಿದೆ. ಆದರೆ ಲೋಕೇಶ್ ಸಾತನೂರಿನವನು, ಸರ್ಕಾರಿ ಬಸ್ಸಿನ ಕಂಡಕ್ಟರು. ದಿನವಿಡೀ ಬಸ್ಸಿನಲ್ಲಿ ಕುಲುಕಾಡಿ ಸಾಕಾದವನಿಗೆ ರೈಲಿನ ಮೇಲೆ ಪ್ರಾಣ. "ನಮ್ಮೂರಿಗೆ ಲೈನ್ ಹಾಕ್ದೆ ಹೋದ್ರೆ ನಾನ್ ಬರಾಕಿಲ್ಲ" ಎಂದು ಹಟ ಹಿಡಿದ. ದೊಡ್ಡವರ ಕೈಲಿ ಆಗದ್ದನ್ನು ಈ ನಾಲ್ವರು ಒಂದೂವರೆ ಗಂಟೆಯಲ್ಲಿ ಮಾಡಿ ಮುಗಿಸಿದರು.

ಕೆಲಸ ಹಂಚಿಹೋಗಿತ್ತು. ಜಾಗ ಮತ್ತು ನ್ಯಾಯ ಗಂಗಯ್ಯನದು. ಟೈಂಟೇಬಲ್ಲು, ಸೀಟಿ, ಬಾಯಿ, ಮೂರೂ ಲೋಕೇಶನವು. ಕರೆಂಟು ಅಶ್ವಥ್‌ನದು. ವಹಾಬಣ್ಣನದು ಚಕ್ರ. ಹದಿನಾರು ಗೂಡ್ಸ್ ಡಬ್ಬಿ, ಅರವತ್ತನಾಲ್ಕು ಚಕ್ರ. ಲೋಕದ ರೈಲುಗಳ ಚಕ್ರವೆಲ್ಲ ಕಪ್ಪಾದರೆ ಇವರ ಗೂಡ್ಸಿನವು ಕೆಂಪು, ಹಳದಿ, ಹಸಿರು. "ಏನ್ ವಹಾಬಣ್ಣ, ಗೂಡ್ಸ್ ಗಾಡಿನೋ ಮದುವೆ ದಿಬ್ಬಣಾನೋ?" ಎಂದು ಲೋಕೇಶ್ ವಾರಕ್ಕೊಮ್ಮೆಯಾದರೂ ಕಿಚಾಯಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು. ವಹಾಬಣ್ಣ ನಕ್ಕುಬಿಡುತ್ತಿದ್ದ.

ಇವರಲ್ಲಿ ಒಂದು ಪದ್ಧತಿಯಿದೆ. ಯಾರ ತಪ್ಪಿನಿಂದ ಗಾಡಿ ನಿಲ್ಲುತ್ತದೋ ಅವರು ಆ ಭಾನುವಾರ ಪೂರ್ತಿ ಗೇಟಿಗೆ ಕೂರಬೇಕು. ಗುಡ್ಡದ ಹಿಂದೆ ಮೇಜಿನ ಮೂಲೆಯಲ್ಲಿ ಒಂದು ಪುಟ್ಟ ಗೇಟು, ಅದಕ್ಕೊಂದು ದಾರ, ಗೇಟು ಎತ್ತಿದರೆ ಹಳಿಯ ಮೇಲೆ ಬಂದು ಇಳಿಸಿದರೆ ಹಿಂದೆ ಸರಿಯುವ, ಹುಲ್ಲು ಹೇರಿದ ಪುಟ್ಟ ಎತ್ತಿನಗಾಡಿ, ಪಕ್ಕದಲ್ಲಿ ಗಂಗಯ್ಯ ಡ್ಯೂಟಿಯಿಂದ ತಂದ ಹಳೆಯ ಸ್ಟೂಲು. ಗಾಡಿ ಬರುವ ಮೊದಲು ದಾರ ಬಿಟ್ಟು ಗೇಟು ಇಳಿಸಬೇಕು, ಹೋದ ಮೇಲೆ ಎಳೆದು ಎತ್ತಬೇಕು. ಅಷ್ಟೇ. ಅಲ್ಲಿಂದ ಸ್ಟೇಷನ್ನು ಕಾಣಿಸುವುದಿಲ್ಲ, ಇಂಜಿನ್ನಿನ ಗುಂಡಿ ಕೈಗೆ ಸಿಗುವುದಿಲ್ಲ. ತೂಕಡಿಸಿದರೆ ಇನ್ನೊಂದು ಭಾನುವಾರ. "ಗೇಟು ಶಿಕ್ಷೆ ಅಲ್ಲ ಕಣ್ರಲಾ, ನಾನು ಅದ್ರಾಗೇ ಮೂರ್ ಮಕ್ಳು ಸಾಕಿದೀನಿ" ಎಂದು ಗಂಗಯ್ಯ ಹೇಳುತ್ತಲೇ ಎಲ್ಲರನ್ನೂ ಗೇಟಿಗೆ ಹಾಕುತ್ತಿದ್ದ. ತನ್ನನ್ನೂ ಎರಡು ಸಲ ಹಾಕಿಕೊಂಡಿದ್ದ.

ವಹಾಬಣ್ಣನನ್ನು ಮಾತ್ರ ಒಮ್ಮೆಯೂ ಹಾಕಿರಲಿಲ್ಲ. ಅವನ ಡಬ್ಬಿ ಹಳಿ ತಪ್ಪಿದರೆ "ಹಳೀನೇ ಸೊಟ್ಟ ಬುಡಿ" ಅನ್ನುತ್ತಿದ್ದರು. ಅವನಿಗೆ ಮೊದಲ ಟೀ, ಅವನಿಗೆ ಬೆನ್ನಾನುವ ಕುರ್ಚಿ. ಇದು ಮರ್ಯಾದೆ ಎಂದು ಅವನಿಗೆ ಗೊತ್ತು. ಆದರೆ ನೆಂಟರ ಮನೆಯಲ್ಲಿ ಸಿಗುವಂಥ ಮರ್ಯಾದೆ ಎಂದೂ ಗೊತ್ತು. ನೆಂಟ ಎಷ್ಟು ದಿನ ಇರಬಹುದು? ಚಕ್ರ ಇರುವಷ್ಟು ದಿನ ಈ ಕುರ್ಚಿ ತನ್ನದು ಎಂದು ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದ.

ಈ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಗಾಡಿಗಳು ನಿಲ್ಲತೊಡಗಿದವು. ಆಟದ ರೈಲಿನ ಗುಟ್ಟು ಇಷ್ಟೇ: ಹಳಿಯಲ್ಲಿ ಕರೆಂಟು ಹರಿಯುತ್ತದೆ, ಇಂಜಿನ್ನು ತನ್ನ ಲೋಹದ ಚಕ್ರದಿಂದ ಅದನ್ನು ಹೀರಿಕೊಂಡು ಓಡುತ್ತದೆ. ಈಗ ಗುಡ್ಡದ ತಿರುವಿಗೆ ಬಂದರೆ ಇಂಜಿನ್ನು ಮಿಣುಕಿ ನಿಂತೇಬಿಡುತ್ತಿತ್ತು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಕರೆಂಟಿನ ತಪ್ಪೆಂದರೆ ಅಶ್ವಥ್‌ನ ತಪ್ಪು.

"ನಂದೇ ಇರ್ಬೇಕು, ಎಲ್ಲೋ ಜಾಯಿಂಟ್ ಲೂಸಾಗೈತೆ" ಎಂದು ಅಶ್ವಥ್ ತಾನಾಗಿ ಸ್ಟೂಲಿಗೆ ಹೋಗಿ ಕೂತ. ಮುಂದಿನ ಭಾನುವಾರವೂ ಅದೇ. ಅದರ ಮುಂದಿನದೂ ಅದೇ. ಐದು ಭಾನುವಾರವಾದಾಗ ಲೋಕೇಶನ ತಾಳ್ಮೆ ಮುಗಿಯಿತು.

"ಲೇ ಅಶ್ವಥ, ನಿನ್ ವೈರಿಂಗು ಎಮ್ಮೆ ಕರುಳು ಇದ್ದಂಗೈತೆ ಕಣ್ಲಾ. ಎಲ್ಲಾ ಕಿತ್ತಾಕಿ ಹೊಸ್ದಾಗಿ ಮಾಡಿಸ್ಬೇಕು. ಬೆಂಗ್ಳೂರಾಗೆ ಒಬ್ಬ ಇದನ್ನೇ ಮಾಡೋನವ್ನೆ, ಕರೆಸ್ತೀನಿ."

ಆ ವೈರಿಂಗು ಅಶ್ವಥ್‌ನ ಮೂರು ವರ್ಷದ ಕೆಲಸ. ಮೇಜಿನ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ಬೆಸುಗೆಯ ಸೀಸ ಬೀಳಿಸಿಕೊಂಡು, ಒಂದೊಂದು ತಂತಿಗೂ ಬಣ್ಣದ ದಾರ ಕಟ್ಟಿ ಮಾಡಿದ್ದು. ಅವನು ಗೇಟಿನ ದಾರ ಎಳೆದ. ವಹಾಬಣ್ಣನಿಗೆ ಅವನ ಮೇಲೆ ಕನಿಕರ ಬಂತು. ಕನಿಕರದ ಹಿಂದೆಯೇ, ಸದ್ಯ ತನ್ನ ಚಕ್ರದ ತಂಟೆಯಲ್ಲ ಎಂಬ ಸಮಾಧಾನವೂ ಬಂತು.

ಆರನೆಯ ಭಾನುವಾರ ವಹಾಬಣ್ಣನ ಪಕ್ಕದ ಮನೆಯ ರೇಷ್ಮೆ ರೀಲರು ರಾಮನಗರದ ಗೂಡಿನ ಮಾರುಕಟ್ಟೆಗೆಂದು ಬೆಳಿಗ್ಗೆಯೇ ಟೆಂಪೋ ಹೊರಡಿಸಿದ. ವಹಾಬಣ್ಣ ಅದರಲ್ಲೇ ಹತ್ತಿದ್ದರಿಂದ ಹತ್ತು ಗಂಟೆಗೆ ಮುಟ್ಟುವವನು ಎಂಟೂವರೆಗೇ ತೋಟ ಮುಟ್ಟಿದ. ಗಂಗಯ್ಯ ಹಾಲು ಹಾಕಲು ಡೈರಿಗೆ ಹೋಗಿದ್ದ. ಹುಳುಮನೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಇಣುಕುವ ಮೊದಲೇ ವಾಸನೆ ಬಂತು: ಸ್ಪಿರಿಟ್ಟಿನಲ್ಲಿ ಕರಗಿದ ಅರಗಿನ ವಾಸನೆ. ನಲವತ್ತೇಳು ವರ್ಷ ಮೂಗಿಗೆ ಹತ್ತಿದ್ದು, ಅದರಲ್ಲಿ ತಪ್ಪುವ ಮಾತಿಲ್ಲ. ಇಲ್ಲಿ ಅರಗಿಗೇನು ಕೆಲಸ ಎಂದುಕೊಂಡು ಜಾಲರಿ ಕಿಟಕಿಯಲ್ಲಿ ನೋಡಿದ.

ಅಶ್ವಥ್ ಒಬ್ಬನೇ ಇದ್ದ. ಒಂದು ಕೈಯಲ್ಲಿ ಸ್ಪಿರಿಟ್ಟಿನ ಬಾಟಲಿ, ಇನ್ನೊಂದರಲ್ಲಿ ಬಿಳಿ ಬಟ್ಟೆ. ಹಳಿಯನ್ನು ಗೇಣು ಗೇಣಾಗಿ ಉಜ್ಜುತ್ತಾ ಬರುತ್ತಿದ್ದ. ಗುಡ್ಡದ ತಿರುವು ಮುಗಿಸಿ ಬಟ್ಟೆ ಮಡಚಿ ಇನ್ನೊಂದು ಮಗ್ಗುಲು ಮಾಡಿಕೊಂಡ. ಬಟ್ಟೆಯ ಮೇಲೆ ಕೆಂಪು ಗೆರೆ, ಹಳದಿ ಗೆರೆ, ಒಂದು ಹಸಿರು ಗೆರೆ.

ಆ ಕೆಂಪು ಚನ್ನಪಟ್ಟಣದಲ್ಲಿ ಇನ್ನಾರೂ ಮಾಡದ ಕೆಂಪು. ಅಪ್ಪ ಹೇಳಿಕೊಟ್ಟ ಪಾಕ.

ಹೆಂಚು ತೆಗೆದು ಈ ವರ್ಷವಷ್ಟೇ ಹೊದಿಸಿದ ತಗಡಿನ ಮಾಡು, ಬಿಸಿಲ ಬೇಗೆ. ಕಾದ ಹಳಿಯ ಮೇಲೆ ಉರುಳಿ ಉರುಳಿ ಅರಗು ಮೆತ್ತಗಾಗಿ, ಎಳೆ ಎಳೆಯಾಗಿ ಹಳಿಗೆ ಮೆತ್ತಿಕೊಳ್ಳುತ್ತಿದೆ. ಅರಗು ಕರೆಂಟನ್ನು ಹರಿಯಬಿಡುವುದಿಲ್ಲ. ಇದು ಮೋಟಾರು ಸುತ್ತುವವನಿಗೆ ಗೊತ್ತಿಲ್ಲದ ಸಂಗತಿಯೇ? ತಂತಿಗೆ ವಾರ್ನಿಷ್ ಬಳಿಯುವುದೇ ಅವನ ಕಸುಬು. ಅಂದರೆ ಅಶ್ವಥ್‌ನಿಗೆ ಮೊದಲ ಭಾನುವಾರವೇ ಗೊತ್ತಾಗಿದೆ. ಗೊತ್ತಿದ್ದೂ ವಾರವಾರ ಮುಂಚೆ ಬಂದು ಒರೆಸುತ್ತಿದ್ದಾನೆ. ಒರೆಸಿದ್ದು ಮಧ್ಯಾಹ್ನದ ಬಿಸಿಲಿಗೆ ಸಾಲದೆ ಗಾಡಿ ನಿಂತರೆ ತಾನೇ ಗೇಟಿಗೆ ಹೋಗಿ ಕೂರುತ್ತಿದ್ದಾನೆ.

ವಹಾಬಣ್ಣ ಸದ್ದಿಲ್ಲದೆ ಹಿಂದೆ ಸರಿದು ರಸ್ತೆಯ ಟೀ ಅಂಗಡಿಗೆ ಹೋದ. ಹತ್ತು ಗಂಟೆಯವರೆಗೆ ಮೂರು ಟೀ ಕುಡಿದ. ಆಮೇಲೆ ಏನೂ ತಿಳಿಯದವನ ಹಾಗೆ ಬಂದು ಬೆನ್ನಾನುವ ಕುರ್ಚಿಯಲ್ಲಿ ಕೂತ. ಹನ್ನೆರಡಕ್ಕೆ ಗಾಡಿ ನಿಂತಿತು. ಅಶ್ವಥ್ ಆರನೆಯ ಸಲ ಸ್ಟೂಲಿಗೆ ಹೋದ. "ಬರೋ ಭಾನುವಾರ ಬೆಂಗ್ಳೂರೋನು ಬತ್ತಾನೆ, ಎಲ್ಲಾ ಕೀಳ್ಸೋದೇಯ. ತಪ್ಪು ಯಾರ್ದು ಅಂತ ಅವ್ನೇ ಹೇಳ್ಲಿ" ಎಂದ ಲೋಕೇಶ್. ಯಾರೂ ಈ ಕಡೆ ನೋಡಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ವಹಾಬಣ್ಣ ತನ್ನ ಕೈಬೆರಳುಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕೆಂಪಿತ್ತು. ಬಾಯಿ ಬಿಡಲಿಲ್ಲ. ಹೇಡಿತನ ಎಂದರೆ ಹೇಡಿತನವೇ, ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಮನೆಗೆ ಬಂದು ಊಟ ಬೇಡವೆಂದ. ಗುಲ್ಜಾರ್ ಬೀ ಕೆದಕಿ ಕೆದಕಿ ಮಾತು ಹೊರಡಿಸಿದಳು. ಎಲ್ಲಾ ಕೇಳಿ, ತಟ್ಟೆ ಮುಂದಿಟ್ಟು, "ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದಂಗಾಯ್ತು ನಿಮ್ ಕತೆ" ಎಂದಳು.

"ನಾನು ಒರೆಸಲಿಲ್ಲ. ಮೇಕೇನೇ ಬಂದು ಬಾಯಿ ಒಡ್ಡಿದ್ದು."

"ಒಡ್ಡಿದ್ದು ನೋಡ್ಕೊಂಡು ಸುಮ್ನೆ ಬಂದ್ರಲ್ಲ. ಯಾಕೆ, ನಾಲಿಗೆ ಮನೇಲಿ ಬಿಟ್ಟೋಗಿದ್ರಾ?"

"ಚಕ್ರ ತೆಗೆದ್ರೆ ನನಗೆ ಅಲ್ಲಿ ಏನ್ ಕೆಲಸ ಹೇಳು. ಅಂಗಡೀಲಿ ಲೋಹದ ಚಕ್ರ ಸಿಗ್ತದೆ. ಅವರಿಗೆ ನಾನ್ಯಾಕೆ ಬೇಕು?"

ಗುಲ್ಜಾರ್ ಬೀ ಅವನ ತಟ್ಟೆಗೆ ಸಾರು ಬಡಿಸಿದಳು. ಒಂದೂವರೆ ವರ್ಷದ ಜಗಲಿ ಅವಳಿಗೂ ನೆನಪಿತ್ತು. "ಆ ಹುಡುಗ ಎಲ್ಲರಿಗಿಂತ ಮುಂಚೆ ಬಂದು ಹಳಿ ಒರೆಸೋದು ಚಕ್ರಕ್ಕೋಸ್ಕರ ಅಂದ್ಕೊಂಡ್ರಾ?" ಎಂದು ಕೇಳಿದಳು. ವಹಾಬಣ್ಣ ಅನ್ನ ಕಲೆಸುತ್ತಾ ಕೂತ.

ಮುಂದಿನ ಶುಕ್ರವಾರ ನಮಾಜು ಮುಗಿಸಿ ಬಸ್ಸು ಹತ್ತಿ, ಗಂಗಯ್ಯನ ತೋಟಕ್ಕೆ ಹೋಗಿ ಹದಿನಾರು ಡಬ್ಬಿಗಳನ್ನೂ ಚೀಲಕ್ಕೆ ತುಂಬಿಕೊಂಡು ಬಂದ. "ಒಸಿ ಸವೆದವೆ, ಸರಿಮಾಡ್ತೀನಿ" ಎಂದಷ್ಟೇ ಹೇಳಿದ. ಗಂಗಯ್ಯ ಯಾಕೆ ಏನು ಎಂದು ಕೇಳದೆ ಚೀಲ ಹಿಡಿದುಕೊಟ್ಟ. ಶನಿವಾರ ಲೇತಿನ ಮುಂದೆ ಕೂತು ಒಂದೊಂದೇ ಚಕ್ರವನ್ನು ಅಚ್ಚಿಗೆ ಸಿಕ್ಕಿಸಿ, ಹಳಿ ಮುಟ್ಟುವ ಅಂಚಿನ ಅರಗನ್ನಷ್ಟೂ ಉಳಿಯಿಂದ ಹೆರೆದ. ಹಚ್ಚುವ ಕೈಗೆ ಹೆರೆಯುವುದು ಗೊತ್ತಿರಲಿಲ್ಲ. ಮೊದಲ ನಾಲ್ಕು ಕೆಟ್ಟವು, ಹೊಸದಾಗಿ ಕಡೆದ. ಕೆಂಪು ಸಿಪ್ಪೆ ಉದುರಿ ಮಡಿಲಲ್ಲಿ ಬಿತ್ತು. ಪಕ್ಕದ ಮೈಯಲ್ಲಿ ಮಾತ್ರ ಬಣ್ಣ ಉಳಿಸಿದ. ಸುತ್ತ ಬೋಳು ಮರ, ಬೆಳ್ಳಗೆ. ಕೊನೆಯ ಚಕ್ರ ಮುಗಿಸಿ ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ನೋಡಿ, "ಮಾಫ್ ಮಾಡಪ್ಪ, ಹೊಸಿಲು ದಾಟಿಸ್ತಾ ಇದೀನಿ" ಎಂದು ಜೋರಾಗಿಯೇ ಹೇಳಿದ. ಒಳಗಿದ್ದ ಗುಲ್ಜಾರ್ ಬೀಗೆ ಕೇಳಿಸಿತು. ಕೇಳಿಸದವಳ ಹಾಗೆ ಇದ್ದಳು.

ಭಾನುವಾರ ಹುಳುಮನೆಯಲ್ಲಿ ಐದು ಜನರಿದ್ದರು. ಬೆಂಗಳೂರಿನವನು ಬ್ಯಾಗು ಬಿಚ್ಚಿ ಕಟಿಂಗ್ ಪ್ಲೇಯರು ತೆಗೆದಿಟ್ಟಿದ್ದ. ಇವನು ಮೊದಲೇ ಬಂದಿದ್ದರಿಂದ ಹಳಿ ಒರೆಸಲಾಗದೆ ಅಶ್ವಥ್ ಕೈಕಟ್ಟಿ ಗೋಡೆಗೆ ಒರಗಿದ್ದ. ವಹಾಬಣ್ಣ ಚೀಲ ಕೆಳಗಿಟ್ಟು, "ಒಂದ್ನಿಮಿಷ" ಎಂದು ಜೇಬಿನಿಂದ ಬಿಳಿ ಬಟ್ಟೆ, ಸಣ್ಣ ಬಾಟಲಿ ತೆಗೆದ. ಗುಡ್ಡದ ತಿರುವಿನಲ್ಲಿ ಹಳಿಯನ್ನು ಒತ್ತಿ ಒರೆಸಿ ಬಟ್ಟೆಯನ್ನು ಲೋಕೇಶನ ಮುಖದ ಮುಂದೆ ಹಿಡಿದ.

"ಈ ಬಣ್ಣ ಯಾರ್ದು ಹೇಳು."

ಲೋಕೇಶ್ ಬಟ್ಟೆ ನೋಡಿದ, ವಹಾಬಣ್ಣನನ್ನು ನೋಡಿದ.

"ನಂದು. ನನ್ ಚಕ್ರದ ಅರಗು. ವೈರಿಂಗಿಗೆ ಏನೂ ಆಗಿಲ್ಲ. ಹೋದ ವಾರಾನೇ ನಂಗೆ ಗೊತ್ತಾಗಿತ್ತು, ಹೇಳೋಕೆ ಧೈರ್ಯ ಸಾಲಲಿಲ್ಲ. ಇವನಿಗೆ ಮೊದಲಿಂದಾನೂ ಗೊತ್ತು."

"ಏನ್ಲಾ ಅಶ್ವಥ?" ಎಂದ ಲೋಕೇಶ್. ಅಶ್ವಥ್ ಮೇಲೆ ತಗಡು ನೋಡುತ್ತಿದ್ದ. "ಗಂಗಯ್ಯಣ್ಣ, ನಿಂಗೂ ಗೊತ್ತಿತ್ತಾ?"

"ಬೀಗದ ಕೈ ನನ್ತಾವ ತಾನೆ ಇರೋದು" ಎಂದ ಗಂಗಯ್ಯ.

"ಹಂಗಾದ್ರೆ ನಾನೊಬ್ನೇ ಬಾಯ್ಬಡ್ಕೊಂಡಿದ್ದು!" ಲೋಕೇಶ್ ತಲೆಯ ಮೇಲೆ ಕೈಯಿಟ್ಟುಕೊಂಡ. ನಿಜಕ್ಕೂ ಅವನಿಗೆ ನಾಚಿಕೆಯಾಗಿತ್ತು. ಕಂಡಕ್ಟರಿಗೆ ನಾಚಿಕೆಯಾಗುವುದು ಅಪರೂಪ. ಆದ್ದರಿಂದ ಎಲ್ಲರೂ ಅದನ್ನು ಸ್ವಲ್ಪ ಹೊತ್ತು ನೋಡಿದರು. ಬೆಂಗಳೂರಿನವನಿಗೆ ಏನೂ ಅರ್ಥವಾಗಲಿಲ್ಲ. ಬಂದದ್ದಕ್ಕೆ ಉಪ್ಪಿಟ್ಟು ತಿಂದು, ಗಂಗಯ್ಯನ ಮನೆಯ ಮಿಕ್ಸಿ ರಿಪೇರಿ ಮಾಡಿಕೊಟ್ಟು ಹೊರಟ.

ಅಷ್ಟರಲ್ಲಿ ವಹಾಬಣ್ಣ ಹಳಿಯನ್ನಷ್ಟೂ ಒರೆಸಿ, ಡಬ್ಬಿಗಳನ್ನು ಅದರ ಮೇಲೆ ಸಾಲಾಗಿ ಏರಿಸಿ, ನೆಟ್ಟಗೆ ಹೋಗಿ ಗೇಟಿನ ಸ್ಟೂಲಿನ ಮೇಲೆ ಕೂತಿದ್ದ.

ಅಶ್ವಥ್ ಹತ್ತಿರ ಬಂದ. "ಏಳಣ್ಣ. ಅದು ನಿನ್ ಜಾಗ ಅಲ್ಲ."

"ಆರು ಭಾನುವಾರ ನೀನು ಕೂತಿದೀಯ. ಆರೂ ನಂದು. ಕೂತು ತೀರಿಸ್ತೀನಿ. ಆಮೇಲೆ ಲೋಹದ ಚಕ್ರ ತರಿಸ್ತೀರೋ, ನನ್ನ ಮನೇಗೇ ಕಳಿಸ್ತೀರೋ, ನಿಮಗೆ ಬಿಟ್ಟಿದ್ದು."

"ಯಾರಣ್ಣ ಕಳಿಸ್ತಾರೆ ನಿನ್ನ?" ಅಶ್ವಥ್‌ಗೆ ಸಿಟ್ಟು ಬಂತು. ವಹಾಬಣ್ಣ ಅವನ ಸಿಟ್ಟು ನೋಡಿದ್ದು ಅದೇ ಮೊದಲು. "ನೀನು ಆ ಲೇತು ಮುಚ್ಚಿ ಮತ್ತೆ ಜಗಲೀಗೆ ಹೋಗಿ ಕೂತ್ಕೋಬಾರ್ದು ಅಂತ ನಾನು ವಾರವಾರ ಉಜ್ಜಿದ್ರೆ..." ಎಂದವನು ಮಾತು ಅಲ್ಲಿಗೇ ನುಂಗಿ ಸ್ಟೇಷನ್ನಿನ ಕಡೆ ತಿರುಗಿದ. ಗಂಗಯ್ಯ ಕೆಮ್ಮಿದ. "ಕೂತ್ಕಳ್ಲಿ ಬುಡ್ಲಾ. ನ್ಯಾಯ ನ್ಯಾಯಾನೇ. ಲೋಕೇಶ, ಸೀಟಿ ಊದು."

ಲೋಕೇಶ್ ಸೀಟಿ ಊದಿದ. ಗೂಡ್ಸ್ ಚನ್ನಪಟ್ಟಣ ಬಿಟ್ಟಿತು. ಹಿಂದೆಲ್ಲ ಆ ಚಕ್ರಗಳು ಸದ್ದಿಲ್ಲದೆ ಜಾರುತ್ತಿದ್ದವು. ಈಗ ಬೋಳು ಮರ ಹಳಿಯ ಒಂದೊಂದು ಸಂದು ದಾಟುವಾಗಲೂ ಟಕಟಕ ಎನ್ನುತ್ತಿತ್ತು. ಗುಡ್ಡದ ಹಿಂದಿನಿಂದ ಆ ಸದ್ದು ಹತ್ತಿರ ಬಂತು. ತಿರುವಿನಲ್ಲಿ ಇಂಜಿನ್ನು ಮಿಣುಕಲಿಲ್ಲ. ಹಿಂದೆ ಹದಿನಾರು ಡಬ್ಬಿ, ಅರವತ್ತನಾಲ್ಕು ಚಕ್ರ, ಸುತ್ತ ಬಿಳಿ, ನಡುವೆ ಕೆಂಪು ಹಳದಿ ಹಸಿರು. ವಹಾಬಣ್ಣ ಮುಂದಕ್ಕೆ ಬಾಗಿ, ಒಂದೊಂದನ್ನೂ ನೋಡುತ್ತಾ, ಇದು ನಿಲ್ಲಲಿಲ್ಲ, ಇದೂ ನಿಲ್ಲಲಿಲ್ಲ ಎಂದುಕೊಳ್ಳುತ್ತಾ ಕೂತ. ಕಣ್ಣು ತುಂಬಿ ಬಂದಿತ್ತು. ದಾರ ಕೈಯಲ್ಲೇ ಇತ್ತು.

ಗೇಟು ಮೇಲೆಯೇ ಇತ್ತು. ಹಳಿಯ ಮೇಲಿದ್ದ ಪುಟ್ಟ ಎತ್ತಿನಗಾಡಿಗೆ ಇಂಜಿನ್ನು ಗುದ್ದಿತು. ಎತ್ತು ಒಂದು ಕಡೆ, ಗಾಡಿ ಒಂದು ಕಡೆ, ಹುಲ್ಲಿನ ಹೊರೆ ಗಂಗಯ್ಯನ ಕಾಲ ಮೇಲೆ.

"ಹಳೀನೇ ಸೊಟ್ಟ" ಎಂದು ಯಾರಾದರೂ ಹೇಳುತ್ತಾರೇನೋ ಎಂದು ವಹಾಬಣ್ಣ ಕಾದ.

"ಲೇ ವಹಾಬ!" ಎಂದು ಗಂಗಯ್ಯ ಗುಡುಗಿದ, ಮೂರು ವರ್ಷದಲ್ಲಿ ಮೊದಲ ಸಲ. "ಗೇಟಾಕೋದ್ ಬುಟ್ಟು ಬಾಯ್ ಬುಟ್ಕೊಂಡು ಗಾಡಿ ನೋಡ್ತಾ ಕೂತವ್ನೆ! ನನ್ ಡ್ಯೂಟೀಲಾಗಿದ್ರೆ ಸಸ್ಪೆಂಡು. ಏಳನೇ ಭಾನುವಾರಾನೂ ನಿಂದೇ ಕಣ್ಲಾ!"

"ಆಗ್ಲಿ" ಎಂದ ವಹಾಬಣ್ಣ. ಬಿದ್ದ ಎತ್ತನ್ನು ಎತ್ತಿ ನಿಲ್ಲಿಸಿದ, ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ, ದಾರ ಹಿಡಿದು ಮುಂದಿನ ಗಾಡಿಗೆ ಕಾದ. ಬೆನ್ನಾನುವ ಕುರ್ಚಿಯಲ್ಲಿ ಆವತ್ತು ಲೋಕೇಶ್ ಕೂತ.